ಹದಿನಾರು ಗುಲಗಂಜಿ

ಕಾರವಾರದ ಉಪ್ಪುಗಾಳಿಗೆ ಹಿತ್ತಾಳೆ ಹಸಿರಾಗುತ್ತದೆ.
ಬೆಳಿಗ್ಗೆ ಅಂಗಡಿ ತೆರೆದದ್ದೇ
ತೋಟಾಗಳನ್ನು ಒಂದೊಂದಾಗಿ ಒರೆಸುವುದು ನನ್ನ ಕೆಲಸ,
ತಿಂಗಳಿಗೆ ಇಪ್ಪತ್ತೆರಡು ರೂಪಾಯಿ, ಮಧ್ಯಾಹ್ನದ ಚಹಾ.
ಕಲೆ ಕಂಡರೆ ತಯ್ಯಬಲಿ ಸೇಠರಿಗೆ ಆಗುತ್ತಿರಲಿಲ್ಲ.
"ಶಾಬೂ, ಇದನ್ನು ನಂಬಿ ಒಬ್ಬ ಕೋಣನೆದುರು ನಿಲ್ಲುತ್ತಾನೆ."

ಸುಪಾದ ಗಣಬಾ ದೇಸಾಯಿ ಬಂದದ್ದು
ಹೋಳಿ ಹುಣ್ಣಿಮೆ ಕಳೆದ ವಾರ.
ಕೂಪಿನ ದಾರಿಯಲ್ಲಿ ಒಂಟಿ ಕಾಡುಕೋಣ,
ಯಾರದೋ ನಾಡಬಂದೂಕಿನ ಚರೆ ತೊಡೆಯಲ್ಲಿ ಕೀವಾಗಿ
ಇಬ್ಬರು ಹಮಾಲರನ್ನು ತೇಗದ ದಿಮ್ಮಿಗೆ ಒತ್ತಿ ಕೊಂದಿತ್ತು.
ಕಲೆಕ್ಟರರ ಕಾಗದ ಜೇಬಿನಲ್ಲಿ.
"ದೊಡ್ಡದು ಕೊಡಿ."
ಎಷ್ಟು ದೊಡ್ಡದು?
"ಇದ್ದುದರಲ್ಲಿ."

ದೊರೆಗಳು ಹಡಗು ಹತ್ತುವಾಗ ಬಿಟ್ಟ ರೈಫಲು ಮೂರಿದ್ದವು.
ಗಾಜಿನ ಮೇಲೆ ಅವುಗಳ ತೋಟಾ ನಿಲ್ಲಿಸಿದೆ:
ಐನೂರ ಎಪ್ಪತ್ತೇಳು, ನಾನೂರ ಎಪ್ಪತ್ತು, ಮುನ್ನೂರ ಎಪ್ಪತ್ತೈದು,
ಅಪ್ಪ, ಅವ್ವ, ಮಗ ಫೋಟೋಕ್ಕೆ ನಿಂತ ಹಾಗೆ.

ದೇಸಾಯರಿಗೆ ಅಂಕಿ ಸಾಲಲಿಲ್ಲ, ತೂಕ ಬೇಕಂತೆ.
ಪಕ್ಕದ ವೆರ್ಣೇಕರರನ್ನು ಕರೆದೆ, ಬಂಗಾರದ ತಕ್ಕಡಿ ಸಮೇತ.
ಕೆಟ್ಟ ತೋಟಾಗಳಿಂದ ಕಿತ್ತಿಟ್ಟ ಗುಂಡುಗಳಿದ್ದವು.
ಅಪ್ಪನದು ನಾಲ್ಕು ತೊಲ, ಮೇಲೆ ಹದಿನಾರು ಗುಲಗಂಜಿ.
ಅವ್ವನದು ಮೂರಕ್ಕೆ ತುಸು ಕಡಿಮೆ.
ಮಗನದು ಒಂದೂವರೆ, ಮೇಲೆ ಮತ್ತೆ ಅದೇ ಹದಿನಾರು.
ವೆರ್ಣೇಕರರು ನಕ್ಕರು. "ನಾಲ್ಕು ತೊಲದ ಸರ
ನಾನು ನನ್ನ ಮಗಳಿಗೇ ಮಾಡಿಸಲಿಲ್ಲ."

ಸೇಠರು ಬಿಲ್ಲಿನ ಬೆನ್ನಿಗೆ ಕೋಣ ಬರೆದರು, ಎಮ್ಮೆಯಂತಿತ್ತು.
ಮೆತ್ತನೆ ಮೂತಿಯ ಗುಂಡು ಭುಜದೆಲುಬಿಗೇ ಅರಳಿ ನಿಲ್ಲುತ್ತದೆ,
ಗಟ್ಟಿ ಮೂತಿಯದು ಎಲುಬು ಮುರಿದೂ ನಡೆಯುತ್ತದೆ,
ಗುಂಡಿಗೆ ಇಲ್ಲಿ, ನೀವು ಅಂದುಕೊಂಡದ್ದಕ್ಕಿಂತ ಕೆಳಗೆ.
ಮದ್ದು ಯುದ್ಧಕ್ಕೂ ಮೊದಲಿನದು,
ಹತ್ತರಲ್ಲಿ ಒಂದು ಸಿಡಿಯದಿರಬಹುದು.
ಯಾವುದು ಆ ಒಂದು ಅಂತ ಮಾತ್ರ ಕೇಳಬೇಡಿ.

ದೇಸಾಯರ ಬೆರಳು ಅಪ್ಪನನ್ನು ಬಿಡಲೊಲ್ಲದು.
ದೊಡ್ಡ ರೈಫಲು ಎತ್ತಿ ಕ್ಯಾಲೆಂಡರಿನ ಏಕಾದಶಿಗೆ ಗುರಿಯಿಟ್ಟರು.
ಬರಿದು ನಳಿಗೆ, ಆದರೂ
ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚಿದ್ದವು.
ನಾನು ನೋಡಿದೆ.
ಬಾಗಿಲಲ್ಲಿ ಚಪ್ಪಲಿಗಳ ಪಕ್ಕ ಕೂತಿದ್ದ ಇನಾಸ ಸಿದ್ದಿಯೂ ನೋಡಿದ.

ಜಾಡು ಹಿಡಿಯುವವನು ಅವನು. ಅವನನ್ನು ಯಾರೂ ಕೇಳಿರಲಿಲ್ಲ.
ಎದ್ದು ಬಂದು ಮೂರನ್ನೂ ಮೂಸಿದ,
ಸಣ್ಣದನ್ನು ಒಂದು ಬೆರಳಿನಿಂದ ಮುಂದೆ ತಳ್ಳಿದ.
"ಒಡೇರ, ಕೋಣ ನಿಮ್ಮೆದುರಿಗೆ ಇರೂದಿಲ್ಲ.
ನಿಮ್ಮೆದುರಿಗೆ ನಾ ಇರ್ತೇನಿ, ನನ್ನೆದುರಿಗೆ ಕೋಣ.
ಯಾವ್ದು ಕಣ್ಣು ಬಿಟ್ಟು ಹೊಡೀಲಿಕ್ಕೆ ಆಗ್ತದೋ
ಅದು ತಗೊಳ್ರಿ."

ಕಿರ್ದಿಯಲ್ಲಿ ಬರೆದೆ:
ಮುನ್ನೂರ ಎಪ್ಪತ್ತೈದು, ಗಟ್ಟಿ ಮೂತಿ, ಹತ್ತು.
ಕೊಂಡವರ ಹೆಸರಿಗೆ ಒಂದು ಕಾಲಮು ಇತ್ತು.
ಆರಿಸಿದವನ ಹೆಸರಿಗೆ ಇರಲಿಲ್ಲ.

ಮಳೆ ಹಿಡಿಯುವ ಮೊದಲು ಇನಾಸ ಒಬ್ಬನೇ ಬಂದ,
ಉಳಿದ ಏಳನ್ನು ಹಿಂದಿರುಗಿಸಲು.
ದೇಸಾಯರು? ಎಂದೆ, ಹೆದರುತ್ತ.
"ಅದಾರ. ಕೋಣ ಬಿತ್ತು.
ಮೊದಲನೇದಕ್ಕೆ ಕಣ್ಣು ಮುಚ್ಚಿದ್ರು. ಮುಂದಿನ ಎರಡು ಚಲೋ ಬಿದ್ದವು."
ಮುಂಡಾಸು ಸರಿಸಿದ. ಎಡಗಿವಿಯ ಹಾಲೆ ಇರಲಿಲ್ಲ.

ಏಳರ ಹಣ ಎಣಿಸುತ್ತಿದ್ದ ಸೇಠರ ಕೈ ನಿಂತಿತು.
ವೆರ್ಣೇಕರರು ತಕ್ಕಡಿ ಒರೆಸುತ್ತಿದ್ದರು.
ಕಿವಿಯ ಹಾಲೆ ಎಷ್ಟು ತೂಗೀತು?
ನಾನು ಕೇಳಲಿಲ್ಲ. ಈಗಲೂ ಒಮ್ಮೊಮ್ಮೆ
ನನ್ನದನ್ನು ಹಿಡಿದು ನೋಡಿಕೊಳ್ಳುತ್ತೇನೆ.

ಖಾಲಿ ತೋಟಾ ಎರಡನ್ನು ಗಾಜಿನ ಮೇಲಿಟ್ಟ,
ಮೂರನೆಯದು ಮಗಳಿಗಂತೆ.
ಅದರ ಬಾಯಿಗೆ ತುಟಿ ಹಚ್ಚಿ ಊದಿದ,
ತೆಳ್ಳಗೆ, ಹಡಗುಕಟ್ಟೆಯ ನಾಯಿಗಳೆಲ್ಲ ಬೊಗಳುವಷ್ಟು.
"ದೊಡ್ಡದು ಆಗಿದ್ರ ದನಿ ಇನ್ನೂ ಚಲೋ ಬರ್ತಿತ್ತು"
ಎಂದ, ನಿಜಕ್ಕೂ ಬೇಸರದಿಂದ.